ಮೊದಲು ಕೆರ, ಆಮೇಲೆ ನಿಲ್ಲುವುದು

ಸುಗುಣಾ ಅಕ್ಕೋರು ಬಿದ್ದದ್ದು ಸೈತಾನನ ಬಾಣ ತಾಗಿ ಅಲ್ಲ. ಕಾಲಿಗೆ ಬರೀ ಉಣ್ಣೆಯ ಸಾಕ್ಸ್ ಹಾಕಿಕೊಂಡು ನುಣ್ಣನೆಯ ನೆಲದ ಮೇಲೆ ಎದ್ದು ನಿಂತದ್ದಕ್ಕೆ ಬಿದ್ದರು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಜನ ಆಮೇಲೆ ಅದರ ಮೇಲೆ ಕಟ್ಟಿದ್ದು. ಆದರೆ ಕಟ್ಟಿದ್ದರ ಅಡಿಯಲ್ಲಿ ಆ ಮುದುಕಿ ಸಿಕ್ಕಿಕೊಂಡು ಏಳಲಾರದೆ ಹೋದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಊರಿನಿಂದ ಕೇರ್ ವೀಸಾದ ಮೇಲೆ ಹುಡುಗಿಯರು ಬರುತ್ತಿದ್ದಾರೆ. ಕಿಂಗ್ಸ್‌ಬರಿಯ ಬಸ್ ಸ್ಟಾಪಿನಲ್ಲಿ ನೀಲಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಫೋನು, ನೋಡಿದ ಕೂಡಲೇ ಗುರುತು ಹತ್ತುತ್ತದೆ. ಕನ್ನಡದವರಾದರೆ ನನ್ನನ್ನು ಕೇಳುತ್ತಾರೆ, “ಆಂಟಿ, ಈ ಕೆಲಸ ಹೆಂಗ್ರಿ?” ಅಂತ. ಹೆಂಗೆ ಅಂದರೆ ಹೀಗೆ: ಕಂಡವರ ಮನೆಗೆ ಹೋಗಿ, ಕಂಡವರ ಮೈ ತೊಳೆದು, ಬಟ್ಟೆ ತೊಡಿಸಿ, ಎಬ್ಬಿಸಿ ನಿಲ್ಲಿಸಿ ಬರುವುದು. ಬೆನ್ನು ಹೋಗುತ್ತದೆ. ಬೈಗುಳ ಬರುತ್ತದೆ. ಥ್ಯಾಂಕ್ಯೂ ಒಮ್ಮೊಮ್ಮೆ ಬರುತ್ತದೆ, ಅದನ್ನು ನೆಚ್ಚಿಕೊಂಡು ಯಾರ ಮನೆಗೂ ಹೋಗಬೇಡಿ.

ನಾನು ಬೆಟಗೇರಿಯವಳು. ಹೆಸರು ಎಸ್ತೇರಬಾಯಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಈ ಬರಹದ ಒತ್ತು ದೀರ್ಘಗಳನ್ನು ಸೊಸೆ ತಿದ್ದಿದ್ದಾಳೆ, ಮಾತು ನನ್ನವೇ. ಗಂಡ ಲಂಡನ್ನಿನ ಹೋಟೆಲೊಂದರ ಅಡುಗೆಮನೆಯಲ್ಲಿದ್ದ, ನಾನು ಕೇರರ್ ಆಗಿ ಸೇರಿದೆ, ಮೊಣಕಾಲು ಸಾಕು ಅನ್ನುವ ತನಕ ಅದೇ ಕೆಲಸ ಮಾಡಿದೆ. ನಡುವೆ ಸೀನಿಯರ್ ಅಂತ ಮಾಡಿದರು, ಬ್ಯಾಜ್ ಕೊಟ್ಟರು. ಬ್ಯಾಜಿನಿಂದ ಯಾರ ಮೈಯೂ ಹಗುರ ಆಗಲಿಲ್ಲ.

ಕೆಲಸ ಕಲಿಸಿದವಳು ಮೋರೀನ್ ಎಂಬ ಐರಿಷ್ ಹೆಂಗಸು, ನನ್ನ ಮೊದಲ ಸೂಪರ್‌ವೈಸರ್. ಮೊದಲ ದಿನ ನನ್ನನ್ನು ಮಂಚದ ಮೇಲೆ ಮಲಗಿಸಿದಳು. “ನಿನ್ನ ಎಡಗೈ ಸತ್ತಿದೆ ಅಂದುಕೋ” ಅಂದಳು. ಆಮೇಲೆ ನನಗೆ ಅಂಗಿ ತೊಡಿಸಿದಳು, ಬೇಕೆಂದೇ ತಪ್ಪಾಗಿ. ಬಲಗೈ ಮೊದಲು ತೂರಿಸಿ, ಸತ್ತ ಎಡಗೈಯನ್ನು ಹಿಂದಕ್ಕೆ ತಿರುಚಿ ಎಳೆದಳು. ನಾನು ಕಿರುಚಿದೆ. “ಈಗ ಗೊತ್ತಾಯಿತಲ್ಲ ಲವ್, ಮರೆಯಬೇಡ. ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು.” ಎರಡನೆಯ ಪಾಠ ಕಾಲಿನದು. ಯಾರೇ ಇರಲಿ, ಕೂತಲ್ಲೇ ಕೆರ ಹಾಕಿಸಬೇಕು, ಆಮೇಲೆ ನಿಲ್ಲಿಸಬೇಕು. “ನೋ ಶೂಸ್, ನೋ ಸ್ಟ್ಯಾಂಡಿಂಗ್. ರಾಣಿ ಬಂದರೂ ಅಷ್ಟೇ.”

ನಮ್ಮವರ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಮೇಡಂ ಅಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ. “ಹಾಗಾದರೆ ಬರಿಗಾಲಲ್ಲಿ ಕೂತಿರಲಿ. ನಿಲ್ಲುವುದಾದರೆ ಶೂ” ಅಂದಳು. ಒಳಗೆ ಮಾತ್ರ ಹಾಕುವ, ರಬ್ಬರ್ ಅಡಿಯ, ಹಿಮ್ಮಡಿ ಮುಚ್ಚಿದ ಜೋಡು ಬೇರೆ ಇಡಿಸಬೇಕು ಅನ್ನುವುದು ಆಮೇಲೆ ಗೊತ್ತಾಯಿತು. ಗುಜರಾತಿಗಳ ಮನೆ, ತಮಿಳರ ಮನೆ, ನಮ್ಮವರ ಮನೆ, ಎಲ್ಲ ಕಡೆ ಮೊದಲು ಮಾಡಿದ ಜಗಳ ಇದೇ. ಸೊಸೆಯಂದಿರು ಮುಖ ಸಿಂಡರಿಸುತ್ತಿದ್ದರು. ದೇವರ ಕೋಣೆಯ ಮುಂದೆ ಹಾದುಹೋಗಬೇಕಲ್ಲ ಅನ್ನುತ್ತಿದ್ದರು. ಹಾಗಾದರೆ ಬೇರೆ ದಾರಿಯಿಂದ ಕರೆದೊಯ್ಯಿರಿ ಅನ್ನುತ್ತಿದ್ದೆ.

ಕೆಲಸದ ರೀತಿ ಬದಲಾಗಿದೆ, ಅದನ್ನೂ ಹೇಳಬೇಕು. ಆಗ ಬಗಲಿಗೆ ಕೈ ಹಾಕಿ ಎತ್ತುತ್ತಿದ್ದೆವು, ಅವರ ಭುಜವೂ ಹೋಗುತ್ತಿತ್ತು ನಮ್ಮ ಸೊಂಟವೂ ಹೋಗುತ್ತಿತ್ತು. ಈಗ ಎತ್ತುವ ಯಂತ್ರ, ಜಾರಿಸುವ ಹಾಳೆ ಬಂದಿವೆ. ಅದು ಒಳ್ಳೆಯದು. ಆಗ ಒಂದು ಮನೆಯಲ್ಲಿ ಚಹಾ ಕುಡಿದು ಮಾತಾಡುವಷ್ಟು ಹೊತ್ತು ಇರುತ್ತಿತ್ತು, ಈಗ ಫೋನಿನಲ್ಲಿ ಟಿಕ್ ಒತ್ತಿ ಓಡಬೇಕು. ಅದು ಕೆಟ್ಟದ್ದು. ಓಡುವವರ ಕೈ ಮೊದಲು ಬಿಟ್ಟುಬಿಡುವುದು ಕೆರವನ್ನೇ. ನೀವು ಬಿಡಬೇಡಿ.

ಸೌತ್‌ಹಾಲ್‌ನಲ್ಲಿ ಒಬ್ಬ ಸಿಖ್ ಸರದಾರ ಮುದುಕರಿದ್ದರು. ಎಲ್ಲರೂ ಬಾಬಾಜಿ ಅನ್ನುತ್ತಿದ್ದರು. ಒಂದು ಕೈ ಸ್ವಾಧೀನ ಇರಲಿಲ್ಲ. ನನಗಿಂತ ಮುಂಚೆ ಹೋದ ಹೊಸ ಹುಡುಗಿ, ಪಾಪ, ತಲೆಗೆ ಬಟ್ಟೆ ಸುತ್ತುವುದು ತಿಳಿಯದೆ ಉಣ್ಣೆಯ ಕುಲಾವಿ ಹಾಕಿ ಬಂದಿದ್ದಳು. ಆ ದಿನವೆಲ್ಲ ಬಾಬಾಜಿ ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ, ಊಟ ಬಿಟ್ಟು. ಮಾರನೆಯ ದಿನ ನನ್ನನ್ನು ಕಳಿಸಿದರು. ಅವರ ಸೊಸೆಗೆ ಸಂಧಿವಾತ, ಬಟ್ಟೆ ಜಗ್ಗಿ ಹಿಡಿಯಲು ಬೆರಳು ಬಾರದು. ಪೇಟ ಒಬ್ಬರೇ ಕಟ್ಟುವುದಲ್ಲ ಅಂತ ನನಗೆ ಅವತ್ತು ತಿಳಿಯಿತು. ಉದ್ದನೆಯ ಬಟ್ಟೆಯ ಒಂದು ತುದಿ ಕಟ್ಟಿಕೊಳ್ಳುವವರ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬರ ಕೈಯಲ್ಲಿ. ಎಳೆದು, ಮಡಿಚಿ, ಮತ್ತೆ ಎಳೆದು ಕೊಡಬೇಕು. ನಾನು ಕೋಣೆಯ ಈ ಮೂಲೆ, ಅವರು ಆ ಮೂಲೆ.

“ಜೋರ್ ಸೇ ಪಕಡ್, ಮದ್ರಾಸಿ!” ಅಂದರು.

“ಮದ್ರಾಸಿ ಅಲ್ಲ, ಕರ್ನಾಟಕ” ಅಂದೆ.

“ಅಚ್ಛಾ, ಕರ್ನಾಟಕ, ಜೋರ್ ಸೇ ಪಕಡ್!”

ಪೇಟ ಕೂತ ಮೇಲೆ ಆ ಮನುಷ್ಯನ ದನಿಯೇ ಬೇರೆ. ಸೊಸೆಯನ್ನು ಕರೆದು ಪರಾಠಾ ಕೇಳಿದರು. ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾರೋ ಕೇಳಿದರು, ಕ್ರೈಸ್ತಳಾಗಿ ಇನ್ನೊಂದು ಧರ್ಮದ ಪೇಟ ಹಿಡಿಯಬಹುದಾ ಅಂತ. ನಾನು ಹಿಡಿದದ್ದು ಬಟ್ಟೆ, ನನ್ನ ನಂಬಿಕೆ ನನ್ನ ಹತ್ತಿರವೇ ಇತ್ತು ಅಂದೆ. ಅವತ್ತಿನಿಂದ ನನಗೆ ಒಂದು ವಿಷಯ ಖಾತ್ರಿ: ಯಾವ ಶಿರಸ್ತ್ರಾಣವನ್ನೂ ಯಾರೂ ಒಬ್ಬರೇ ಧರಿಸಲಾರರು. ಇನ್ನೊಂದು ತುದಿ ಹಿಡಿಯುವವರು ಬೇಕು.

ಈಗ ಅಕ್ಕೋರ ಸುದ್ದಿಗೆ ಬರುತ್ತೇನೆ.

ಸುಗುಣಾ ಅಕ್ಕೋರು ಹುಬ್ಬಳ್ಳಿಯಲ್ಲಿ ಶಾಲೆಯ ಟೀಚರಾಗಿದ್ದವರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತೇವೆ, ಲಂಡನ್ನಿಗೆ ಬಂದ ಮೇಲೂ ಅದೇ ಉಳಿಯಿತು. ಮಗ ಸುಧೀರ ಪಿನ್ನರ್‌ನಲ್ಲಿ. ಬಾ ಅಂತ ಕರೆಯುತ್ತಲೇ ಇದ್ದ. ಅಕ್ಕೋರು ಹೋಗಲಿಲ್ಲ. ಕಿಂಗ್ಸ್‌ಬರಿಯ ಕೌನ್ಸಿಲ್ ಫ್ಲಾಟೇ ಬೇಕು ಅವರಿಗೆ, ಯಾಕಂದರೆ ಅದರ ಮುಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಕನ್ನಡದ ಪ್ರಾರ್ಥನಾ ಕೂಟ ಸೇರುತ್ತಿತ್ತು. ಧಾರವಾಡ, ಬೆಳಗಾವಿ, ಮಂಗಳೂರು, ಬೆಂಗಳೂರು, ಎಲ್ಲ ಕಡೆಯ ಜನ. ಆ ಕೋಣೆ ಹೋದರೆ ಕೂಟ ಹೋದ ಹಾಗೆ, ಕೂಟ ಹೋದರೆ ಅಕ್ಕೋರು ಹೋದ ಹಾಗೆ.

ಹಿಂದೊಮ್ಮೆ ಲಕ್ವ ಹೊಡೆದು ಅವರ ಎಡಗೈ ಸ್ವಲ್ಪ ಸೋತಿತ್ತು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಬೆಳಿಗ್ಗೆ ನಾನು ಹೋಗಿ ತಯಾರು ಮಾಡುತ್ತಿದ್ದೆ. ಅವರಿಗೆ ಬರೀ ಬಟ್ಟೆ ತೊಡುವುದು ಸಾಲದು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪೌಲನು ಬರೆದ ಸರ್ವಾಯುಧದ ಮಾತು ಎಲ್ಲ ಕ್ರೈಸ್ತರಿಗೂ ಗೊತ್ತು: ಸತ್ಯದ ನಡುಕಟ್ಟು, ನೀತಿಯ ಕವಚ, ಸಮಾಧಾನದ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ಕಡೆಗೆ ವಾಕ್ಯದ ಕತ್ತಿ. ಅಕ್ಕೋರು ಅದನ್ನು ಮಕ್ಕಳಿಗೆ ಕಲಿಸಿ ಕಲಿಸಿ ತಮ್ಮ ಮೈಗೇ ಅಂಟಿಸಿಕೊಂಡಿದ್ದರು. ಲಕ್ವ ಆದ ಮೇಲೆ ಸೀರೆ ಬಿಟ್ಟು ಉದ್ದ ಲಂಗ ಉಡುತ್ತಿದ್ದರು, ಅದರ ಲಾಡಿ ಬಿಗಿದರೆ “ಸತ್ಯ” ಅನ್ನುತ್ತಿದ್ದರು. ಸ್ವೆಟರಿನ ಗುಂಡಿ ಹಾಕಿದರೆ “ನೀತಿ”. ರಬ್ಬರ್ ಅಡಿಯ ಮನೆಜೋಡು ಹಾಕಿದರೆ “ಸಮಾಧಾನ”. ಕೋಲು ಕೈಗೆ ಕೊಟ್ಟರೆ “ನಂಬಿಕಿ”. ಉಣ್ಣೆಯ ಟೋಪಿಗೆ “ರಕ್ಷಣಾ”. ಆಮೇಲೆ ಕನ್ನಡಕ ಏರಿಸಿ ಸತ್ಯವೇದ ತೊಡೆಯ ಮೇಲೆ ಇಟ್ಟುಕೊಂಡು, “ಕತ್ತಿ ಬಂತು, ಇನ್ನ ಸೈತಾನಗ ಬರಾಕ ಹೇಳು. ಚಾ ಕುಡುದು ಬಡದಾಡೂಣು” ಅನ್ನುತ್ತಿದ್ದರು.

ಆ ಮಾತನ್ನು ನಾನು ಬೆಟಗೇರಿಯ ಚರ್ಚಿನಲ್ಲಿ ಕೇಳಿದಾಗ ಯುದ್ಧ, ಕುದುರೆ, ರಕ್ತ ಅಂತೆಲ್ಲ ತಲೆಗೆ ಬರುತ್ತಿತ್ತು. ಅಕ್ಕೋರ ಮನೆಯಲ್ಲಿ ನಿತ್ಯ ಕೇಳಿದ ಮೇಲೆ ಬೇರೆ ತಿಳಿಯಿತು. ಅದು ಬೆಳಿಗ್ಗೆ ಎದ್ದು ತಯಾರಾಗುವ ಕ್ರಮ. ಯಾರ ಮೇಲೂ ಏರಿ ಹೋಗು ಅಂತ ಅಲ್ಲಿ ಇಲ್ಲ. ನಿಲ್ಲು ಅಂತ ಇದೆ. ಕೆಟ್ಟ ದಿನ ಬಂದರೂ ನಿಂತಿರು, ಎಲ್ಲ ಮುಗಿದ ಮೇಲೂ ನಿಂತಿರು. ಜನರನ್ನು ನಿಲ್ಲಿಸಿಯೇ ಹೊಟ್ಟೆ ಹೊರೆದವಳು ನಾನು, ಆ ಒಂದು ಮಾತು ನನಗೆ ಚೆನ್ನಾಗಿ ಹಿಡಿಯಿತು.

ಕೂಟದ ಮುಂದಾಳು ಡೇನಿಯಲ್. ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ದೊಡ್ಡ ಕಾರು. ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುದುಕರನ್ನು ಜಿಪಿ ಡಾಕ್ಟರ ಹತ್ತಿರ ಕರೆದೊಯ್ಯುವವನು ಅವನೇ, ಕೂಟಕ್ಕೆ ಬಂದವರಿಗೆ ಊಟ ಹೊತ್ತು ತರುವವನೂ ಅವನೇ. ಆ ಶನಿವಾರ ಉಪವಾಸ ಪ್ರಾರ್ಥನೆ ಇಟ್ಟಿದ್ದ. ಬೋಧನೆ ಸರ್ವಾಯುಧದ ಮೇಲೆಯೇ. ನಾನು ಅಲ್ಲಿರಲಿಲ್ಲ, ಬೇರೆ ಮನೆಯಲ್ಲಿ ಡ್ಯೂಟಿ.

ನಮ್ಮ ಜನ ಪ್ರಾರ್ಥನೆಗೆ ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ಇಂಗ್ಲಿಷರ ಚರ್ಚಿನಲ್ಲಿ ಶೂ ಹಾಕಿಕೊಂಡೇ ಕೂರುತ್ತಾರೆ, ನಮ್ಮ ಕನ್ನಡ ಕೂಟದಲ್ಲಿ ಮಾತ್ರ ಊರಿನ ಪದ್ಧತಿ. ಅಕ್ಕೋರ ಮನೆಜೋಡಿಗೆ ಅಲ್ಲಿಯ ತನಕ ವಿನಾಯಿತಿ ಇತ್ತು. ಅವತ್ತು ಉಪವಾಸದ ದಿನ, ವಿಶೇಷ ದಿನ. ಈ ನೆಲ ಪರಿಶುದ್ಧ ಅಂತ ಡೇನಿಯಲ್ ಹೇಳಿದ. ಅಕ್ಕೋರು ತಾವೇ ಕಾಲು ಮುಂದೆ ಚಾಚಿದರು. ಅವನು ಮೊಣಕಾಲೂರಿ, ತಾಯಿಯ ಕಾಲಿನದು ಬಿಚ್ಚಿದಂತೆ ಬಿಚ್ಚಿ, ಬಾಗಿಲ ಹತ್ತಿರ ಇಟ್ಟು ಬಂದ. ಕಡೆಯ ಪ್ರಾರ್ಥನೆಗೆ ಎಲ್ಲರೂ ಎದ್ದರು. ಅಕ್ಕೋರೂ ಎದ್ದರು, ಎರಡೂ ಕೈ ಮೇಲೆತ್ತಿದರು. ಕೋಲು ಕುರ್ಚಿಗೆ ಒರಗಿಸಿತ್ತು. ಎಡಗಾಲು ಜಾರಿತು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ನಡೆಯಲು ಕಲಿಸುವ ವಾರ್ಡಿಗೆ ಹಾಕಿದರು. ನಾನು ನನ್ನ ಸುತ್ತು ಮುಗಿಸಿ ಹೋಗುತ್ತಿದ್ದೆ, ಕೇರರ್ ಆಗಿ ಅಲ್ಲ, ನೋಡಲು ಹೋದವಳಾಗಿ. ಫಿಸಿಯೋ ಹುಡುಗಿ ಪೋಲೆಂಡಿನವಳು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, “ಮೂಳೆ ಸರಿ ಇದೆ. ಸ್ನಾಯು ಸರಿ ಇದೆ. ಇವರು ನಿಲ್ಲುವುದಿಲ್ಲ ಅಂತ ತೀರ್ಮಾನ ಮಾಡಿದ್ದಾರೆ.”

ಅಕ್ಕೋರು ಆಸ್ಪತ್ರೆಯ ಗೌನಿನಲ್ಲಿ, ಹಿಂದಿನಿಂದ ಬಾಯಿ ತೆರೆದ ಆ ಗೌನಿನಲ್ಲಿ, ದಿಂಬಿಗೆ ಒರಗಿ ಕೂತಿದ್ದರು.

“ಯಾಕ ಅಕ್ಕೋರ, ನಿಲ್ಲಾಕ ಏನಾಗೇತಿ?” ಅಂದೆ.

“ನಿಂತು ಏನ ಮಾಡಲಿ? ನನ್ನ ಗುರಾಣಿ ತೂತ ಬಿದ್ದೇತಿ ಎಸ್ತೇರಬಾಯಿ. ನಂಬಿಕಿ ಗಟ್ಟಿ ಇದ್ದಿದ್ರ ಬಾಣ ನಾಟತಿತ್ತೇನು? ಪ್ರಾರ್ಥನಾದಾಗ, ಕೈ ಎತ್ತಿದಾಗ, ಎಲ್ಲಾರ ಮುಂದ ಬಿದ್ದೆ. ನನ್ನೊಳಗ ಏನೋ ಪಾಪ ಐತಿ. ಅದು ಯಾವುದು ಅಂತ ಗೊತ್ತಾಗೂ ತನಕ ನಾ ಏಳೂದಿಲ್ಲ.”

“ಹಂಗಂತ ಯಾರು ಹೇಳಿದ್ರು?”

“ಹೇಳೂದೇನು. ಡೇನಿಯಲ್ ಬಂದು ಪ್ರಾರ್ಥನಾ ಮಾಡಿದ. ಶತ್ರುವಿನ ಅಟ್ಯಾಕ್ ಅಂದ. ಗುರಾಣಿ ಮತ್ತ ಎತ್ತಿ ಹಿಡೀರಿ ಅಂದ. ಅಂದ್ರ, ಕೆಳಗ ಇಳಿಸಿದ್ದೆ ಅಂತನ ಅಲ್ಲೇನು?”

ಸುಧೀರ ಕಾರಿಡಾರಿನಲ್ಲಿ ಸಿಕ್ಕ. ಅವನ ಕಣ್ಣು ಕೆಂಪಾಗಿತ್ತು. ಸೋಮವಾರ ಆಸ್ಪತ್ರೆಯವರ ಜೊತೆ ಮೀಟಿಂಗ್ ಅಂತ ಹೇಳಿದ. ಅಷ್ಟರೊಳಗೆ ಅವ್ವ ಕುರ್ಚಿಯಿಂದ ಎದ್ದು ವಾಕರ್ ಹಿಡಿದು ನಿಂತರೆ ಮನೆಗೆ, ಇಲ್ಲವಾದರೆ ನರ್ಸಿಂಗ್ ಹೋಮಿಗೆ. ಜಾಗ ನೋಡಿಯೂ ಆಗಿತ್ತು, ಊರಿನ ಆ ತುದಿಯಲ್ಲಿ. ಅಲ್ಲಿ ಕನ್ನಡ ಅಂದರೆ ಏನು ಅಂತ ಕೇಳುವವರೇ ಎಲ್ಲ.

“ಆಂಟಿ, ಐ ಕಾಂಟ್ ರಿಸ್ಕ್ ಇಟ್. ಅಕಿ ಒಬ್ಬಾಕಿನ ಇದ್ದಾಗ ಮತ್ತ ಬಿದ್ರ?”

“ನಿಲ್ಲಲಿಲ್ಲ ಅಂದ್ರ ಬೀಳೂದ ಇಲ್ಲಪಾ, ಖರೆ. ಹೆಣಾನೂ ಬೀಳೂದಿಲ್ಲ” ಅಂದೆ.

ಅವನಿಗೆ ಸಿಟ್ಟು ಬಂತು. ಬರಲಿ ಅಂತಲೇ ಅಂದದ್ದು. ಆದರೂ ಅವನು ಬೇರೆ ಏನು ಮಾಡಬಲ್ಲ? ನಿಲ್ಲಿಸುವ ಕೆಲಸ ಮಗನದಲ್ಲ, ನಮ್ಮದು.

ಶುಕ್ರವಾರ ಡೇನಿಯಲ್ ಆಸ್ಪತ್ರೆಗೆ ಬಂದಾಗ ಅವನನ್ನು ಕೆಳಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಕಾಫಿ ಅವನೇ ತಂದ.

“ಡೇನಿಯಲ್, ಅಕ್ಕೋರು ಯಾಕ ಬಿದ್ರು?”

“ನಾವು ಅದೇ ವಿಷಯ ಮಾತಾಡ್ತಿದ್ವಲ್ಲ ಆಂಟಿ, ಆರ್ಮರ್ ಬಗ್ಗೆ. ಅದಕ್ಕೇ ಶತ್ರು ಅಲ್ಲೇ ಅಟ್ಯಾಕ್ ಮಾಡಿದ. ಇದು ಸ್ಪಿರಿಚುಯಲ್ ವಾರ್‌ಫೇರ್.”

“ಇರಲಿ. ನೆಲ ಎಂಥಾದ್ದಿತ್ತು?”

“ನೆಲಾನಾ? ವುಡ್ ಫ್ಲೋರ್. ಯಾಕೆ?”

“ಅಕಿ ಕಾಲಾಗ ಏನಿತ್ತು?”

“ಸಾಕ್ಸ್ ಇತ್ತು.”

“ಕೆರ ಎಲ್ಲಿದ್ವು?”

ಅವನು ಕಾಫಿಯಲ್ಲಿ ಚಮಚ ತಿರುಗಿಸುತ್ತಾ ಕೂತ. “ಪ್ರಾರ್ಥನೆಗೆ ಯಾರಾದ್ರೂ ಶೂಸ್ ಹಾಕ್ಕೊಂಡಿರ್ತಾರಾ ಆಂಟಿ? ನಮ್ಮಮ್ಮ ಸಾಯೋವರೆಗೂ ಬರಿಗಾಲಲ್ಲೇ ನಿಂತು ಪ್ರೇ ಮಾಡ್ತಿದ್ರು.”

“ನಿಮ್ಮವ್ವಗ ಎರಡು ಕಾಲಿದ್ವು. ಅಕ್ಕೋರಿಗೆ ಒಂದೂವರಿ.”

“ಹಾಗಾದ್ರೆ ಶತ್ರು ಅನ್ನೋನೇ ಇಲ್ವಾ? ಎಲ್ಲಾ ಬರೀ ಹೆಲ್ತ್ ಆ್ಯಂಡ್ ಸೇಫ್ಟಿನಾ?” ಈಗ ಅವನ ದನಿ ಏರಿತು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

“ಅದಾನೋ ಮಾರಾಯ, ನಾನೂ ನಂಬ್ತೀನಿ. ಆ ಮುದುಕಿ ಕಿವ್ಯಾಗ ಕುಂತು ‘ನಿನ್ನ ನಂಬಿಕಿ ಸಾಲಲಿಲ್ಲ, ಅದಕ್ಕ ಬಿದ್ದಿ’ ಅಂತ ಹಗಲೆಲ್ಲಾ ಊದಾಕತ್ತಾನಲ್ಲ, ಅಂವ ಯಾರು? ಅಂವನ ಶತ್ರು. ಅಂವಗ ಆ ಮಾತು ಕೊಟ್ಟಾಂವ ನೀ. ಅಂವನ ಹೆಸರ ಹೇಳಿದ್ರ ಕೆರ ಬಿಚ್ಚಿದ ನಿನ್ನ ಕೈ ನಿನಗ ಕಾಣೂದಿಲ್ಲ, ಅದಕ್ಕ ಹೇಳಾಕತ್ತಿ.”

ಡೇನಿಯಲ್ ಎದ್ದು ಹೋದ. ಕಾಫಿ ಹಾಗೇ ಉಳಿಯಿತು. ಕೂಟ ನನಗೆ ತಪ್ಪಿತು ಅಂದುಕೊಂಡೆ. ಕೂಟ ತಪ್ಪಿದರೆ ಲಂಡನ್ನಿನಲ್ಲಿ ಕನ್ನಡದಲ್ಲಿ ಆಮೆನ್ ಅನ್ನಲು ನನಗೆ ಬೇರೆ ಜಾಗ ಇಲ್ಲ. ಆದರೂ ಹೇಳಿದ ಮಾತು ವಾಪಸ್ ತೆಗೆದುಕೊಳ್ಳುವಂಥದ್ದಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಅಕ್ಕೋರ ಬಟ್ಟೆಯ ಚೀಲ ಹಿಡಿದು ವಾರ್ಡಿಗೆ ಹೋದೆ. ಸುಧೀರ ಪಿನ್ನರ್‌ನ ಮನೆಯಲ್ಲಿ ಒಗೆಸಿ ಕೊಟ್ಟಿದ್ದ. ಎಲ್ಲವನ್ನೂ ಒಂದರ ಮೇಲೊಂದು ತುರುಕಿದ್ದ, ಗಂಡಸು. ಆ ಗೌನು ಮೊದಲು ಕಳಚಬೇಕು ಅನ್ನುವುದು ನನ್ನ ಯೋಚನೆ. ಬೆನ್ನು ಕಾಣುವ ಬಟ್ಟೆಯಲ್ಲಿ ಇದ್ದವರಿಗೆ ನಿಲ್ಲು ಅಂದರೆ ಯಾಕೆ ನಿಲ್ಲುತ್ತಾರೆ? ಪರದೆ ಎಳೆದೆ. ಕೈಗೆ ಮೊದಲು ಸಿಕ್ಕದ್ದು ಸ್ವೆಟರು. ಕುಪ್ಪಸ ತೊಡಿಸಿ, ಸೋತ ಕೈ ಮೊದಲು ತೂರಿಸಿ ಸ್ವೆಟರ್ ಹಾಕತೊಡಗಿದೆ.

“ಏನ ಮಾಡಾಕತ್ತಿ?” ಅಂದರು ಅಕ್ಕೋರು.

“ಸ್ವೆಟರ್ ಹಾಕಾಕತ್ತೀನಿ.”

“ಲಾಡಿ ಎಲ್ಲೈತಿ? ನಡುಕಟ್ಟು ಇಲ್ಲದ ಕವಚ ಹಾಕ್ತಾರೇನು? ಕವಚದ ಭಾರ ಯಾವುದರ ಮ್ಯಾಲ ಕುಂದ್ರಬೇಕು?” ಅದು ಟೀಚರ ದನಿ. ಬಿದ್ದ ಮೇಲೆ ಆ ದನಿ ನಾನು ಕೇಳಿಯೇ ಇರಲಿಲ್ಲ. “ಇಷ್ಟ ವರ್ಷ ಆತು, ಇನ್ನೂ ಕ್ರಮ ಬರಂಗಿಲ್ಲ ನಿನಗ?”

“ನಾಲ್ಕನೇ ಇಯತ್ತೆಗೆ ಬಿಟ್ಟಾಕಿ ನಾನು. ನೀವ ಹೇಳ್ರಿ.”

ಹೇಳಿದರು. ಮಲಗಿದಲ್ಲೇ ಹೊರಳಿಸಿ ಲಂಗ ಏರಿಸಿದೆ, ಕೂರಿಸಿ ಲಾಡಿ ಬಿಗಿದೆ. ಸತ್ಯ. ಸ್ವೆಟರ್, ನೀತಿ. ಆಮೇಲೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿದೆ. ಮನೆಜೋಡು ಕೈಗೆತ್ತಿಕೊಂಡೆ. ಅಕ್ಕೋರು ಕಾಲು ಹಿಂದಕ್ಕೆ ಎಳೆದುಕೊಂಡರು.

“ಅದು ಬ್ಯಾಡ.”

“ಅದು ಬಿಟ್ರ ಕ್ರಮ ತಪ್ಪತೈತಿ. ಈಗ ನೀವ ಅಂದ್ರಿ.”

“ಪ್ರಾರ್ಥನಾ ನಡದಾಗ ಅವನ್ನ ಬಿಚ್ಚಿದ್ದು ತಪ್ಪಲ್ಲ ಎಸ್ತೇರಬಾಯಿ. ಪದ್ಧತಿ ಅದು. ಕೆರದ ಮ್ಯಾಲ ಹಾಕಬ್ಯಾಡ. ತಪ್ಪು ಒಳಗೈತಿ.”

ಜೋಡನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಇದನ್ನು ಕೆಲಸಕ್ಕೆ ಸೇರುವವರು ತಿಳಿದುಕೊಳ್ಳಬೇಕು: ಸರಿಯಾದ ಮಾತು ಸರಿಯಾದ ಬಾಯಿಂದ ಬರಬೇಕು. ಕೇರರ್ ಹೇಳಿದರೆ ಕೆಲಸದ ಮಾತು ಅನ್ನುತ್ತಾರೆ.

ಆಗ ಪರದೆಯ ಆಚೆ ಯಾರೋ ಕೆಮ್ಮಿದರು. “ಅಕ್ಕೋರೇ, ಬರಬಹುದಾ?” ಡೇನಿಯಲ್. ಕೈಯಲ್ಲಿ ಶೂ ಡಬ್ಬಿ. ಕೂಟ ನಡೆಯುವ ಹೊತ್ತು ಅದು, ಅಕ್ಕೋರು ಬಿದ್ದ ಮೇಲೆ ತನ್ನ ಮನೆಯಲ್ಲಿ ಸೇರಿಸುತ್ತಿದ್ದ, ನಡುವೆಯೇ ಎದ್ದು ಬಂದಿದ್ದ. ನನ್ನನ್ನು ನೋಡಲಿಲ್ಲ. ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅಕ್ಕೋರೇ, ಅವತ್ತು ನಿಮ್ಮ ಕಾಲಿಂದು ಬಿಚ್ಚಿದ್ದು ನಾನು. ಕೋಲು ಕೈಗೆ ಕೊಡದೆ ಎಲ್ಲರೂ ಏಳಿ ಅಂದಿದ್ದೂ ನಾನೇ. ನೀವು ಜಾರಿ ಬಿದ್ರಿ. ಅದನ್ನ ಹೇಳೋಕೆ ನಂಗೆ ಧೈರ್ಯ ಬರಲಿಲ್ಲ, ಅಟ್ಯಾಕ್ ಅಂದೆ. ನಿಮ್ಮ ನಂಬಿಕೆಗೆ ಏನೂ ಆಗಿಲ್ಲ. ಇವತ್ತು ಕೂಟದಲ್ಲೂ ಇದನ್ನೇ ಹೇಳಿ ಬಂದೆ.”

ಅಕ್ಕೋರು ದನಿ ಏರಿಸಿದರು.

“ಅಂದ್ರ, ನಾ ಇಷ್ಟು ದಿನ ಇಲ್ಲದ ಪಾಪಕ್ಕ ಕ್ಷಮಾ ಬೇಡಾಕತ್ತಿದ್ನೇನು?” ಅಂದರು. “ಹುಡುಕಿ ಹುಡುಕಿ ಸಾಕಾಗಿ, ಹುಬ್ಬಳ್ಳ್ಯಾಗ ಸಣ್ಣಾಕಿ ಇದ್ದಾಗ ನಮ್ಮಕ್ಕನ ರಿಬ್ಬನ್ ಕದ್ದದ್ದೂ ದೇವರ ಮುಂದ ಒಪ್ಪಿಕೊಂಡೆಲ್ಲೋ, ಮಗನ!”

ಡೇನಿಯಲ್ ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ತಿಳಿಯಲಿಲ್ಲ. ಡಬ್ಬಿ ತೆರೆದ. ಹೊಸ ಜೋಡು, ರಬ್ಬರ್ ಅಡಿ, ಅಂಟಿಸುವ ಪಟ್ಟಿ. “ಇದು ಪ್ರಾರ್ಥನೆಗೆ ಮಾತ್ರ ಅಕ್ಕೋರೇ. ಹೊರಗಡೆ ಎಲ್ಲೂ ಹಾಕದೇ ಇರೋದು. ಯಾವ ಪದ್ಧತಿಯೂ ಕೆಡಲ್ಲ.”

ಹಾಕಿ ನೋಡಿದೆ. ದೊಡ್ಡದು. ಹಿಮ್ಮಡಿಯಲ್ಲಿ ನನ್ನ ಎರಡು ಬೆರಳು ಹೋಗುತ್ತಿತ್ತು. “ಇದರಾಗ ನಿಲ್ಲಿಸಿದ್ರ ಆ ಕಡೆ ಸೊಂಟಾನೂ ಮುರೀತೈತಿ. ಬದಲಿಸಿಕೊಂಡು ಬಾ” ಅಂದೆ. ಎಲ್ಲರಿಗೂ ಕಣ್ಣೀರು ಬರುವ ಹೊತ್ತು ಅಂತ ಅಳತೆ ಬಿಡಲಾಗುವುದಿಲ್ಲ. ಅವನು ಓಡಿದ.

ಅವನು ಬರುವ ತನಕ ಅಕ್ಕೋರು ಒಂದೇ ಸಮ ಬೈಯುತ್ತಿದ್ದರು. ಅವನನ್ನು, ನನ್ನನ್ನು, ಆಸ್ಪತ್ರೆಯ ಸಾರನ್ನು. ನಾನು ಕೇಳುತ್ತಾ ಕೂತೆ. ಬೈಯುವವರು ಬದುಕುತ್ತಾರೆ, ಇದು ನನ್ನ ಅನುಭವ.

ಸರಿಯಾದ ಅಳತೆ ಬಂತು. ಫಿಸಿಯೋ ಹುಡುಗಿಯನ್ನು ಕರೆದೆ, ಅವಳಿಲ್ಲದೆ ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬಾರದು. ಡೇನಿಯಲ್ ಒಂದು ಕಾಲಿನ ಪಟ್ಟಿ ಅಂಟಿಸಿದ, ನಾನು ಇನ್ನೊಂದು ಕಾಲಿನದು. ಮಂಚದಿಂದ ಕುರ್ಚಿಗೆ ಸರಿಸಿದೆವು. ವಾಕರ್ ಮುಂದೆ ಇಟ್ಟೆವು. ಅಕ್ಕೋರು ಕುರ್ಚಿಯ ಕೈ ಒತ್ತಿ ಮುಂದಕ್ಕೆ ಬಾಗಿದರು, ಏಳಲಿಲ್ಲ, ಮತ್ತೆ ಕೂತರು.

“ಅಂಜಿಕಿ ಬರಾಕತ್ತೇತಿ” ಅಂದರು.

“ಬರಲಿ. ಅಂಜಿಕಿ ಬಂದ್ರ ನಂಬಿಕಿ ಹೋತು ಅಂತ ಯಾರು ಹೇಳ್ಯಾರು?” ಅಂದೆ.

ಎರಡನೆಯ ಸಲ ಎದ್ದರು. ವಾಕರ್ ನಡುಗಿತು. ಆಮೇಲೆ ನಿಂತಿತು. ಅಕ್ಕೋರೂ ನಿಂತರು. ಫಿಸಿಯೋ ಹುಡುಗಿ “ಲವ್ಲಿ, ಸುಗುಣಾ, ಲವ್ಲಿ” ಅಂದಳು. ಅಕ್ಕೋರು ಅವಳ ಕಡೆ ನೋಡಲಿಲ್ಲ. ಡೇನಿಯಲ್ ಕಡೆ ನೋಡಿ ಕೇಳಿದರು:

“ಅವತ್ತು ಸರ್ವಾಯುಧದ ಬೋಧನಾ ಮಾಡಿದೆಲ್ಲ, ಕೆರದ ಬಗ್ಗೆ ಏನ ಹೇಳಿದ್ದಿ? ನನಗ ನೆಪ್ಪಿಲ್ಲ.”

ಅವನು ತಲೆ ಕೆರೆದುಕೊಂಡ. “ಟೈಮ್ ಆಗಿಹೋಗಿತ್ತು ಅಕ್ಕೋರೇ. ಅದನ್ನ ಸ್ಕಿಪ್ ಮಾಡಿ ಗುರಾಣಿಗೆ ಹೋದೆ.”

ಅಕ್ಕೋರು ನಿಂತಲ್ಲೇ ನಕ್ಕರು. ವಾರ್ಡಿನ ಆ ತುದಿಯ ಮುದುಕಿಯೂ ಏನೂ ತಿಳಿಯದೆ ನಕ್ಕಳು.

ಅವರ ನಂಬಿಕೆ ಎಷ್ಟು ಗಟ್ಟಿ ಅನ್ನುವುದನ್ನು ಅಳೆಯುವ ಅಳತೆಪಟ್ಟಿ ನನ್ನ ಹತ್ತಿರ ಇಲ್ಲ. ಇಷ್ಟು ಬಲ್ಲೆ. ಆಯುಧ ತೊಟ್ಟವರಿಗೆ ಪೆಟ್ಟು ಬೀಳುವುದಿಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಪೆಟ್ಟು ಬೀಳುತ್ತದೆ ಅಂತಲೇ ಅಲ್ಲವೇ ತೊಡುವುದು? ಬಿದ್ದವರ ಹತ್ತಿರ ಹೋಗಿ ನಿನ್ನ ಗುರಾಣಿ ಎಲ್ಲಿ ಅಂತ ಕೇಳುವವರು ಆ ಪಾಠವನ್ನು ತಿರುವಿ ಹಿಡಿದಿದ್ದಾರೆ. ಮೊದಲು ಸತ್ಯ ಬಿಗಿಯಬೇಕು, ಅದು ಸಡಿಲ ಇದ್ದರೆ ಮೇಲೆ ಹಾಕಿದ್ದೆಲ್ಲ ಜೋತು ಬೀಳುತ್ತದೆ. ಅವತ್ತು ಅದನ್ನು ಬಿಗಿದವನು ಡೇನಿಯಲ್. ಅವನಿಗೆ ಅದು ನನಗಿಂತ ಕಷ್ಟ ಇತ್ತು.

ಸೋಮವಾರದ ಮೀಟಿಂಗಿನಲ್ಲಿ ಮನೆಗೇ ಅಂತ ಆಯಿತು. ನಾನು ಸೋಮವಾರದ ತನಕ ಕಾಯಲಿಲ್ಲ. ಶನಿವಾರವೇ ಸುಧೀರನ ಹತ್ತಿರ ಕೀಲಿ ಕೇಳಿ ಇಸಿದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ, ನನ್ನ ಸುತ್ತು ಶುರುವಾಗುವ ಮುಂಚೆ, ಕಿಂಗ್ಸ್‌ಬರಿಯ ಫ್ಲಾಟಿನ ಬಾಗಿಲು ತೆಗೆದೆ. ನರ್ಸಿಂಗ್ ಹೋಮಿಗೆ ಅಂತ ಅವನು ಆಗಲೇ ಅರ್ಧ ಅಡುಗೆಮನೆಯನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದ್ದ. ಉಳಿದದ್ದನ್ನು, ಅವ್ವ ಗಾಲಿಕುರ್ಚಿಯಲ್ಲಿ ಬಂದರೆ ಕೂತಲ್ಲೇ ಸಿಗಲಿ ಅಂತ, ಕೆಳಗಿನ ಗಿಡ್ಡ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ. ಕೆಟಲ್, ಚಹಾಪುಡಿಯ ಡಬ್ಬಿ, ಸಕ್ಕರೆ, ಎರಡು ಕಪ್ಪು. ನಾನು ಕೋಟು ಬಿಚ್ಚಿ, ಪೆಟ್ಟಿಗೆಗಳನ್ನೆಲ್ಲ ತೆರೆದು, ಒಳಗಿನ ಪ್ರತಿಯೊಂದನ್ನೂ ಒರೆಸಿ, ಆ ಗಿಡ್ಡ ಮೇಜಿನಿಂದ ಕೆಟಲನ್ನೂ ಎತ್ತಿ ಮೇಲಿನ ಕಟ್ಟೆಗೆ ತಂದೆ. ಎಲ್ಲವನ್ನೂ ನಿಂತವರ ಕೈಗೆ ಎಟಕುವ ಎತ್ತರದಲ್ಲಿ ಇಟ್ಟೆ.